ಉಗಿಗೆ ನಿಲ್ಲದ ಲೇಪ

ಚಹಾದ ಕಪ್ಪನ್ನು ಎಡಗೈಗೆ ದಾಟಿಸಿ, ಬಲಗೈಯನ್ನು ಗಾಳಿಯಲ್ಲಿ ತೇಲಿಸುತ್ತ ಶೈಲಶ್ರೀ ತರಬೇತುದಾರನ ದನಿಯನ್ನು ಅಣಕಿಸಿದಳು: “ಸ್ಮೈಲ್ ಮಾಡಿ ಮೇಡಂ! ಪ್ರಾಬ್ಲಮ್ ಅನ್ನೋ ವರ್ಡೇ ಬೇಡ, ಆಪರ್ಚುನಿಟಿ ಅನ್ನಿ!”

“ನಗಸಬ್ಯಾಡವಾ, ಚಹಾ ನೆತ್ತಿಗೇರ್ತದ,” ಎಂದರು ಪ್ರಲ್ಹಾದ ದೇಸಾಯಿ. ಧಾರವಾಡದಿಂದ ಮರಾಠಿ ಸೀಮೆಗೆ ಬಂದು ಕೋಥರೂಡದಲ್ಲಿ ನೆಲೆಸಿದ ಅವರು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಅವಳ ಸಂಶೋಧನೆಯ ಮಾರ್ಗದರ್ಶಕರು.

“ನಗಸ್ಲಿಕ್ಕೆ ಮಾಡಿಲ್ರಿ ಸರ್, ಸಿಟ್ಟಿಗೆ ಮಾಡೇನಿ. ಕೈಗಾರಿಕಿ ಜೋಡಿ ಕೈ ಜೋಡಸೋ ತರಬೇತಿ ಅಂತ ಕರದ್ರಿ. ಇದು ಕೈ ಕೊಡೋ ತರಬೇತಿ ಆತಲ್ರಿ!”

ಸಿಟ್ಟಿಗೆ ಕಾರಣವಿತ್ತು. ಹಾಲಿನ ಕ್ಯಾನಿನ ಒಳಮೈಗೆ ಬಳಿಯುವ ಲೇಪವೊಂದನ್ನು ಅವಳು ಮಾಡಿದ್ದಳು. ಅದಕ್ಕೆ ಹಾಲು ಅಂಟುತ್ತಿರಲಿಲ್ಲ. ಆದರೆ ಉಗಿಯಲ್ಲಿ ಮತ್ತೆ ಮತ್ತೆ ತೊಳೆದರೆ ಲೇಪ ಹಕ್ಕಳೆ ಎದ್ದು ಉದುರುತ್ತಿತ್ತು. ಅದನ್ನು ತೋರಿಸುವ ಸ್ಲೈಡನ್ನು ತರಬೇತುದಾರ ಋಷಿಕೇಶ ಬೆಳಿಗ್ಗೆ ಅಳಿಸಿಬಿಟ್ಟಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಡೈರಿ ಕಂಪನಿಯ ಎಂಜಿನಿಯರ್ ಬರುವವಳಿದ್ದಳು.

ಋಷಿಕೇಶ ಬೆಂಗಳೂರಿನವನು, ಆಫೀಸು ಇದೇ ಊರಿನ ವಿಮಾನ ನಗರದಲ್ಲಿ. ಅವನೂ ಚಹಾ ಹಿಡಿದು ಅವರ ಮೇಜಿಗೇ ಬಂದ. “ನಾನೇನು ಸುಳ್ಳು ಹೇಳಿ ಅಂದ್ನಾ ಮೇಡಂ? ಅದನ್ನ ಸೆಕೆಂಡ್ ಫೇಸಲ್ಲಿ ಸರಿ ಮಾಡಿದ್ರಾಯ್ತು. ಇಷ್ಟು ವರ್ಷದಲ್ಲಿ ನಿಮ್ಮ ಡಿಪಾರ್ಟ್‌ಮೆಂಟಿಗೆ ಒಂದು ಕಂಪನೀನಾದ್ರೂ ಬಂದಿದೆಯಾ? ನೀವು ಬಾಗಿಲಲ್ಲೇ ಅಳ್ತಾ ನಿಂತ್ರೆ ಯಾರು ಒಳಗೆ ಬರ್ತಾರೆ?”

ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕಂಪನಿ ಒಪ್ಪದಿದ್ದರೆ ಶೈಲಶ್ರೀಯ ಕೆಲಸ ಈ ವರ್ಷಕ್ಕೇ ನಿಲ್ಲುತ್ತಿತ್ತು.

“ಅವರು ಹೇಳೋದೂ ಖರೇನ ಅದ,” ಎಂದರು ಪ್ರಲ್ಹಾದರು ಮೆಲ್ಲಗೆ. “ನಮ್ಮ ಪ್ರಬಂಧದಾಗೂ ಆ ಉಗಿ ಪ್ರಯೋಗ ಬಿಟ್ಟೇವಲ್ಲ? ಚಲೋ ಬಂದದ್ದನ್ನ ಹಾಕೋದು, ಕೆಟ್ಟದ್ದನ್ನ ಕಪಾಟಿನಾಗ ಇಡೋದು. ಎಲ್ಲಾರೂ ಹಂಗ ಮಾಡ್ತಾರ. ಯಾರಿಗೇನಾತು?”

“ಪ್ರಬಂಧ ಯಾರೂ ಕುಡಿಯೂದಿಲ್ರಿ ಸರ್!” ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳು ದನಿ ತಗ್ಗಿಸಲಿಲ್ಲ. “ಹಾಲು ಕುಡೀತಾರ. ಕೂಸುಗೋಳು ಕುಡೀತಾವ. ಈ ಋಷಿಕೇಶ ಅವರು ಬಂದು ಮೂರು ದಿವಸಾತು. ಮುಚ್ಚಿಡೋ ಚಟಾ ನನಗ ಅವರು ಹಚ್ಚಿಲ್ರಿ. ನೀವ ಹಚ್ಚೀರಿ.”

ಪ್ರಲ್ಹಾದರ ಮುಖ ಕೆಂಪೇರಿತು. ಕಪ್ಪನ್ನು ಮೇಜಿನ ಮೇಲಿಟ್ಟು ಎದ್ದು ನಡೆದರು.

ಸಭೆಯಲ್ಲಿ ಡೈರಿ ಕಂಪನಿಯ ಎಂಜಿನಿಯರ್ ಸ್ನೇಹಲ್ ಸ್ಲೈಡುಗಳನ್ನೆಲ್ಲ ನೋಡಿ ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು: ದಿನಾ ಉಗಿಯಲ್ಲಿ ತೊಳೆದರೆ ಇದು ತಡೆಯುತ್ತದೆಯೇ?

ಪ್ರಶ್ನೆ ಯಾರಿಗೇ ಬರಲಿ, ಉತ್ತರ ಮಾತ್ರ ಮಾರ್ಗದರ್ಶಕರದು. ಅದು ಆ ವಿಭಾಗದ ರೂಢಿ. ಋಷಿಕೇಶ ಪ್ರಲ್ಹಾದರತ್ತ ನೋಡಿ ನಗುವಂತೆ ಸನ್ನೆ ಮಾಡಿದ. ಶೈಲಶ್ರೀ ಎದ್ದೇಬಿಟ್ಟಳು. ಪ್ರಲ್ಹಾದರು ಕೈ ಎತ್ತಿ ಅವಳನ್ನು ತಡೆದರು. ಅವಳ ಮೈಯೆಲ್ಲ ಉರಿಯಿತು.

“ಟಿಕತ್ ನಾಹೀ,” ಎಂದರು ಅವರು. ತಡೆಯುವುದಿಲ್ಲ. ಹಕ್ಕಳೆ ಏಳುತ್ತದೆ, ಗೊತ್ತಿದ್ದೂ ಪ್ರಬಂಧದಲ್ಲಿ ಬರೆಯಲಿಲ್ಲ ಎಂದು ಮರಾಠಿಯಲ್ಲೇ ಹೇಳಿ ಶೈಲಶ್ರೀಯತ್ತ ತಿರುಗಿದರು. “ಉಳಿದದ್ದು ನೀ ಹೇಳವಾ. ಮಾಡಿದಾಕಿ ನೀನು.”

ಅವಳು ಒಂದನ್ನೂ ಬಿಡದೆ ಹೇಳಿದಳು. ಸ್ನೇಹಲ್ ಯಾವುದಕ್ಕೂ ಸಹಿ ಹಾಕಲಿಲ್ಲ. ಇದು ಹೀಗೇ ಇದ್ದರೆ ತಮಗೆ ಬೇಡ, ಬೇಕಾದರೆ ಕ್ಯಾನು ತೊಳೆಯುವುದನ್ನು ತಮ್ಮಲ್ಲಿಗೆ ಬಂದು ನೋಡಿ, ಆಮೇಲೆ ಮಾತಾಡೋಣ ಎಂದಷ್ಟೇ ಹೇಳಿ ಹೊರಟಳು.

“ಬಂದ ಒಂದು ಕಂಪನೀನೂ ಕಳಿಸಿಬಿಟ್ರಲ್ಲ ಸರ್!” ಋಷಿಕೇಶ ಹಣೆ ಚಚ್ಚಿಕೊಂಡ.

ಪ್ರಲ್ಹಾದರು ಗೋಡೆಯತ್ತ ತಿರುಗಿದರು. ಮುಂದಿನ ಸರದಿ ಅವರ ಇನ್ನೊಬ್ಬ ವಿದ್ಯಾರ್ಥಿನಿ ರೇಣುವಿನದು. ಅವಳ ಬಣ್ಣಬಣ್ಣದ ಮೊದಲ ಸ್ಲೈಡು ಆಗಲೇ ಗೋಡೆಯ ಮೇಲೆ ಹೊಳೆಯುತ್ತಿತ್ತು.

“ಅದು ಇರ್ಲಿ ತಂಗಿ,” ಎಂದರು. “ನಿಂದು ಎಲ್ಲಿ ಕೆಡ್ತದ, ಮೊದಲ ಅದನ್ನ ಹೇಳು.”