ಅಪ್‌ಡೇಟ್ ನಿಂತ ಕಿವಿ

ಗೋಡೆಗೂ ಕಿವಿಯಿದೆ, ಆದರೆ ಆರು ವರ್ಷ ದಾಟಿದ ಗೋಡೆಗೆ ಅಪ್‌ಡೇಟ್ ಬರುವುದಿಲ್ಲ. ಗಾದೆ ಹೀಗಿಲ್ಲ ಅಂತೀರಾ? ಇರಲಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಉಪ್ಪು ಖಾರ ಬೇಕಾದವರು ಮೇಲಿಂದ ಹಾಕಿಕೊಳ್ಳಲಿ.

ಒಂದು ಅಚ್ಚುಕೂಟ. ಅದರ ಮೆಷಿನ್ ಹಾಲಿಗೊಬ್ಬ ಮೇಸ್ತ್ರಿ. ನಾಲ್ಕು ಬಣ್ಣದ ದೊಡ್ಡ ಮೆಷಿನ್ನಿನ ಪಕ್ಕ ಮೂವತ್ತೈದು ವರ್ಷ ನಿಂತು ನಿಂತು ಅವನ ಕಿವಿ ಅರ್ಧ ಸವೆದುಹೋಗಿತ್ತು. ಆದರೂ ಮೆಷಿನ್ನಿಗೆ ಕೆಮ್ಮು ಬಂದರೆ ಮೊದಲು ಗೊತ್ತಾಗುತ್ತಿದ್ದದ್ದು ಆ ಸವೆದ ಕಿವಿಗೇ. ಎರಡೂ ಕಿವಿಗೆ ಕಡಲೆಬೀಜದಷ್ಟು ಯಂತ್ರ ಹಾಕಿಕೊಂಡಿದ್ದ. ಅದನ್ನು ಜೋರು, ಮೆಲ್ಲಗೆ ಮಾಡಲು ಅವನ ಹಳೇ ಫೋನಿನಲ್ಲಿ ಒಂದು ಆ್ಯಪ್ ಇತ್ತು.

ಆ ಹಾಲಿನ ಮೇಲೆ ಇನ್ನೊಬ್ಬನ ಕಣ್ಣು. ಮೇಸ್ತ್ರಿಯ ಹೆಂಡತಿಯ ತಮ್ಮ. ಯಾರ ದನಿಯಾದರೂ ಒಂದು ಸಲ ಕಿವಿಗೆ ಬಿದ್ದರೆ ಅಚ್ಚು ಒತ್ತಿದ ಹಾಗೇ ವಾಪಸ್ಸು ಒಪ್ಪಿಸುತ್ತಿದ್ದ, ಅದಕ್ಕೇ ಎಲ್ಲರಿಗೂ ಅವನು ಟೇಪು. ಅವನಿಗೆ ಇಲ್ಲಿ ಕೆಲಸ ಕೊಡಿಸಿದವನೂ ಮೇಸ್ತ್ರಿಯೇ. ಹಾವಿಗೆ ಹಾಲೆರೆದರೆ ಅದು ಹಾಲನ್ನೇ ಕೇಳಿತು, ಮೆಷಿನ್ ಹಾಲನ್ನು.

ಅಚ್ಚುಕೂಟದ ಒಡತಿ ಮೇಡಂ ಇಬ್ಬರಿಗೂ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಸೋಮವಾರದೊಳಗೆ ಕಿವಿ ಡಾಕ್ಟರ ಸರ್ಟಿಫಿಕೇಟ್ ತಂದರೆ ನಿವೃತ್ತಿಯವರೆಗೆ ಇನ್ನು ಮೂರು ವರ್ಷ ಹಾಲು ಮೇಸ್ತ್ರಿಯದೇ. ತರದಿದ್ದರೆ ಮೇಸ್ತ್ರಿಗೆ ಗೋಡೌನಿನಲ್ಲಿ ಕಾಗದದ ಬಂಡಲುಗಳ ಕಾವಲು, ಟೇಪುವಿಗೆ ಹಾಲು. ಡಾಕ್ಟರು ಶನಿವಾರ ಬೆಳಿಗ್ಗೆ ಬರಲು ಹೇಳಿದ್ದರು.

ಗುರುವಾರ ಚಹಾದ ಹೊತ್ತಿಗೆ ಫೋನು ಟಿಂಗ್ ಎಂದಿತು. ಮೇಸ್ತ್ರಿ ಕನ್ನಡಕ ಏರಿಸಿ ಓದಿದ. 'ಈ ಫೋನಿಗೆ ಇನ್ನು ಮುಂದೆ ಅಪ್‌ಡೇಟ್‌ಗಳು ಬರುವುದಿಲ್ಲ.' ಕಿವಿಯ ಆ್ಯಪ್ ಒತ್ತಿದರೆ ಅದೂ ತೆರೆಯಲಿಲ್ಲ, ಹೊಸ ಫೋನು ಬೇಕಂತೆ. ಫೋನನ್ನು ಟೇಪುವಿನ ಮುಂದೆ ಹಿಡಿದ.

"ಏನೋ ಇದು, ಟೇಪು?"

ಟೇಪು ಇಣುಕಿ ನೋಡಿ ನಾಲಿಗೆ ಲೊಚ್ಚೆನಿಸಿದ. "ಭಾವ, ಕಂಪನಿಯವರು ಕೈ ತೊಳ್ಕೊಂಡ್ರು. ಇನ್ನು ಫೋನೂ ಹೋಗುತ್ತೆ, ಅದರ ಬಾಲ ಹಿಡ್ಕೊಂಡಿರೋ ಕಿವಿ ಯಂತ್ರನೂ ಹೋಗುತ್ತೆ. ಇವತ್ತೋ ನಾಳೆನೋ."

"ಹೇಳ್ದೆ ಕೇಳ್ದೆ ನಿಂತ್ಬಿಡುತ್ತಾ?"

"ಹೇಳಿದಾರಲ್ಲ ಭಾವ! ನಿಮಗೆ ಕೇಳಿಸ್ಲಿಲ್ಲ, ಅಷ್ಟೆ."

ಹಾಲೆಲ್ಲ ಕಿಸಕ್ಕೆಂದಿತು. ಮೇಸ್ತ್ರಿ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಹಿಂದಿನ ದಿನ ಮೂರನೇ ಯೂನಿಟ್ಟಿನ ಬೇರಿಂಗ್ ಸಣ್ಣಗೆ ಕೀರಲು ಹತ್ತಿದೆಯೆಂದು, ಅದನ್ನು ಕೇಳಲು ಅವನು ಕಿವಿ ಯಂತ್ರವನ್ನು ಪೂರ್ತಿ ಜೋರಿಗೆ ಏರಿಸಿದ್ದ. ಈಗ ಇಳಿಸೋಣವೆಂದರೆ ದಾರಿಯಿಲ್ಲ. ಮನೆಯಲ್ಲಿ ಚಮಚ ಬಿದ್ದರೆ ಗುಂಡು ಹಾರಿದಂತಾಗುತ್ತಿತ್ತು. ತೆಗೆದರೆ ಮತ್ತೆ ಚಾಲೂ ಆಗದೇನೋ ಎಂದು ಯಂತ್ರ ಕಿವಿಯಲ್ಲೇ ಬಿಟ್ಟು, ರಾತ್ರಿಯೆಲ್ಲ ಗೋಡೆ ಗಡಿಯಾರದ ಟಕ್‌ಟಕ್ ಎಣಿಸುತ್ತ ಮಲಗಿದ. ಟಕ್ ನಿಂತರೆ ತನ್ನ ಬದುಕೂ ನಿಂತಂತೆ.

ಶುಕ್ರವಾರ ಬೆಳಿಗ್ಗೆ ಹಾಲಿಗೆ ಕಾಲಿಟ್ಟರೆ ಮೆಷಿನ್ ನಿಂತಿತ್ತು. ಎಂಟು ಜನ ಕೈ ಬಾಯಿ ತಿರುಗಿಸುತ್ತ ಮಾತಾಡುತ್ತಿದ್ದರು. ಒಂದು ಅಕ್ಷರವೂ ಕೇಳಿಸಲಿಲ್ಲ. ಟೇಪು ಎದುರಿಗೆ ಬಂದು ಹಲ್ಲು ಕಿರಿದು ಬಾಯಿ ಆಡಿಸಿದ, ಸದ್ದಿಲ್ಲ. ಒಬ್ಬ ಹೊಟ್ಟೆ ಹಿಡಿದು ನಕ್ಕ, ಅದಕ್ಕೂ ಸದ್ದಿಲ್ಲ.

ಮೇಸ್ತ್ರಿ ಒಬ್ಬೊಬ್ಬರ ಬಾಯನ್ನೇ ನೋಡಿದ. ಮೇಜು ಹಿಡಿದು ನಿಂತ. ಹೋಯಿತು. ಗೋಡೌನು. ಕಾಗದದ ಬಂಡಲು. ಮೂರು ವರ್ಷ.

ಅಷ್ಟರಲ್ಲಿ ಪರ್ ಪರ್ ಪರ್ ಎಂದಿತು.

ಮೂಲೆಯಲ್ಲಿ ಬೈಂಡಿಂಗ್ ಅಕ್ಕ ಕೂತಿದ್ದಳು. ಎಲ್ಲರ ಹಾಗೆ ಅವಳ ಬಾಯಿಯೂ ಸದ್ದಿಲ್ಲದೆ ಆಡುತ್ತಿತ್ತು. ಆದರೆ ಇಪ್ಪತ್ತು ವರ್ಷದಿಂದ ಕಾಗದದ ಕಟ್ಟು ಬಿಡಿಸಿದ ಕೈ ಮಾತ್ರ, ಬಾಯಿ ಆಟಕ್ಕಿಳಿದರೂ, ತನ್ನ ಪಾಡಿಗೆ ಹಾಳೆಗಳನ್ನು ಬೀಸಣಿಗೆಯ ಹಾಗೆ ಬಿಡಿಸುತ್ತಲೇ ಇತ್ತು. ಪರ್ ಪರ್ ಪರ್. ಕಾಗದ ಚೂರು ತೇವವಾಗಿದೆ ಎಂಬುದೂ ಮೇಸ್ತ್ರಿಗೆ ಆ ಸದ್ದಿನಲ್ಲೇ ತಿಳಿಯಿತು.

ಮೇಸ್ತ್ರಿಗೆ ಅಂಗಾಲಿನಿಂದ ನೆತ್ತಿಗೆ ಬೆಂಕಿ ಹತ್ತಿತು. ಟೇಪುವಿನ ಕೊರಳಪಟ್ಟಿಗೆ ಕೈ ಹಾಕಬೇಕೆನಿಸಿತು. ಹಾಕಲಿಲ್ಲ. ಕೂಗಾಡಿದರೆ 'ತಮಾಷೆಗೆ ಮಾಡಿದ್ವಿ ಭಾವ' ಎಂದು ಹಲ್ಲು ಗಿಂಜುತ್ತಾನೆ, ಅಲ್ಲಿಗೆ ಮುಗಿಯಿತು. ಆಡಿಸುವವನನ್ನೇ ಆಡಿಸಬೇಕು.

ಕಣ್ಣು ಅಗಲಿಸಿ, ಕಿವುಡರು ಕೂಗುವ ಹಾಗೆ ಕೂಗಿದ. "ಜೋರಾಗಿ ಮಾತಾಡ್ರೋ! ನಂಗೆ ಏನೂ ಕೇಳಿಸ್ತಿಲ್ಲ! ಟೇಪು, ನೀನ್ ಹೇಳ್ದಂಗೆ ಯಂತ್ರ ಹೋಯ್ತು ಕಣೋ!"

ಆಟ ಸಾಕೆನಿಸಿ ಟೇಪು ಬಾಯಿ ಬಿಟ್ಟ. "ಭಾವ, ತಮಾಷೆಗೆ..."

"ಹಾಂ? ಬರೆದು ತೋರ್ಸೋ!" ಮೇಸ್ತ್ರಿ ಪೆನ್ಸಿಲ್ಲು, ಹಾಳೆ ಮುಂದೆ ಹಿಡಿದ.

ಟೇಪು ಹುಬ್ಬೇರಿಸಿದ. ಸುತ್ತು ಹಾಕಿ ಹಿಂದಕ್ಕೆ ಹೋದ. ಮೂರು ಸೇರಿನ ಸ್ಪ್ಯಾನರನ್ನು ಮೇಸ್ತ್ರಿಯ ಬೆನ್ನ ಹಿಂದೆ ನೆಲಕ್ಕೆ ಬಿಟ್ಟ. ಪೂರ್ತಿ ಜೋರಿನ ಕಿವಿಯಲ್ಲಿ ಸಿಡಿಲು ಹೊಡೆಯಿತು. ಮೇಸ್ತ್ರಿ ಹಲ್ಲು ಕಚ್ಚಿ, ರೆಪ್ಪೆ ಕೂಡ ಮಿಟುಕಿಸದೆ ಪೆನ್ಸಿಲ್ಲಿನ ಮೊನೆ ನೋಡುತ್ತ ನಿಂತ.

"ಅಯ್ಯಯ್ಯೋ, ನಿಜವಾಗ್ಲೂ ಹೋಗಿದೆ ಕಣ್ರೋ!" ಟೇಪು ಕುಣಿದ. "ನಾವು ಬರೀ ಬಾಯಾಡಿಸಿದ್ರೆ ಫೋನು ಬಾಯಿ ಮುಚ್ಕೊಂಡೇ ಬಿಡ್ತು!"

"ಪಾಪ ಅನ್ಸುತ್ತೋ," ಎಂದಳು ಬೈಂಡಿಂಗ್ ಅಕ್ಕ.

"ಪಾಪ ಏನಕ್ಕಾ? ಅವರ ಫೋನಿಗೂ ಅವರಿಗೂ ಒಂದೇ ವಯಸ್ಸು. ಎರಡನ್ನೂ ಗೋಡೌನಿಗೆ ಹಾಕಿದ್ರಾಯ್ತು."

ಆಮೇಲೆ ಹಾಲಿನಲ್ಲಿ ಯಾರಿಗೂ ಅಂಕೆಯಿರಲಿಲ್ಲ. ಟೇಪು ಮೇಸ್ತ್ರಿಯ ಎದುರಿಗೇ ನಿಂತು ಅವನ ಕೆಮ್ಮು ಕೆಮ್ಮಿದ, ಅವನ ಕುಂಟು ನಡಿಗೆ ನಡೆದ. ಮೇಸ್ತ್ರಿ ಪೆದ್ದು ನಗೆ ನಗುತ್ತ ಒಂದೊಂದನ್ನೂ ಮನಸ್ಸಿನಲ್ಲಿ ಅಚ್ಚು ಹಾಕಿಕೊಂಡ. ಯಾರು ನಕ್ಕರು, ಎಷ್ಟು ನಕ್ಕರು, ಯಾರ ನಗು ಗಂಟಲಿನದು, ಯಾರದು ಹೊಟ್ಟೆಯದು.

ಸಂಜೆ ಹೊರಡುವಾಗ ಬಾಗಿಲ ಬಳಿ ಟೇಪು ಪಕ್ಕದವನಿಗೆ ಹೇಳಿದ್ದಂತೂ ಸೂಜಿಯ ಹಾಗೆ ಕಿವಿಗಿಳಿಯಿತು. "ನಾಳೆ ಡಾಕ್ಟರ ಹತ್ರ ಹೋದ್ರೂ ವಾಪಸ್ಸೇ. ಭಾವನ ದನೀಲಿ ನಾನೇ ಫೋನ್ ಮಾಡಿ 'ಬರಕ್ಕಾಗಲ್ಲಮ್ಮಾ, ಸೊಂಟ ಹಿಡ್ಕೊಂಡಿದೆ' ಅಂತ ಹೆಸರು ತೆಗೆಸಿದೀನಿ. ಆ ನರ್ಸು ನಂಗೆ ಸೊಂಟಕ್ಕೆ ಎಣ್ಣೆ ಹಚ್ಚೋದು ಹೇಳ್ಕೊಟ್ಲು ಮಾರಾಯ!"

ಶನಿವಾರ ಮೇಸ್ತ್ರಿ ಹೋದ. ನರ್ಸು ಅವನ ಸೊಂಟ ನೋಡಿದಳು. "ಇಷ್ಟು ಬೇಗ ವಾಸಿಯಾಯ್ತಾ?" ಎಂದಳು. ಅವನು ಜಗ್ಗಲಿಲ್ಲ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಗೂಟದ ಹಾಗೆ ಕೂತ. ಕೊನೆಯವನಾಗಿ ಒಳಗೆ ಕರೆದ ಡಾಕ್ಟರು ಫೋನು ನೋಡಿ ನಕ್ಕರು.

"ಅಪ್‌ಡೇಟ್ ನಿಂತ್ರೆ ಫೋನ್ ಸಾಯಲ್ಲ ಮೇಸ್ತ್ರೀ. ಇದ್ದಲ್ಲೇ ಇರುತ್ತೆ, ಅಷ್ಟೆ. ಹೊಸ ರಕ್ಷಣೆ ಬರಲ್ಲ, ಹೊಸ ಆ್ಯಪ್ ಏರಲ್ಲ. ಕಿವಿ ಯಂತ್ರಕ್ಕೆ ಅದರದ್ದೇ ಬ್ಯಾಟರಿ, ಅದರದ್ದೇ ತಲೆ. ಕೊನೇಲಿ ಎಲ್ಲಿಟ್ಟಿದ್ರೋ ಅಲ್ಲೇ ಕೂತಿದೆ. ಬೇಕಾದ್ರೆ ನಾನು ಇಲ್ಲಿಂದಲೇ ಇಳಿಸಿ ಕೊಡ್ತೀನಿ."

"ಸೋಮವಾರ ಆದ್ಮೇಲೆ ಇಳಿಸಿ ಡಾಕ್ಟ್ರೇ," ಎಂದ ಮೇಸ್ತ್ರಿ. ಪರೀಕ್ಷೆ ಮುಗಿದು ಸರ್ಟಿಫಿಕೇಟ್ ಕೈಗೆ ಬಂತು. ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡ. ಬರೀ ಕಾಗದ ಕೊಟ್ಟರೆ ತನ್ನ ಕೆಲಸವೇನೋ ಉಳಿದೀತು, ಹೊಟ್ಟೆಯ ಉರಿ ಆರುವುದಿಲ್ಲ.

ಸೋಮವಾರ ಹತ್ತು ಗಂಟೆ. ಮೆಷಿನ್ ತೊಳೆಯಲೆಂದು ನಿಲ್ಲಿಸಿದ್ದರು. ಕಬ್ಬಿಣದ ಮೆಟ್ಟಿಲ ಮೇಲೆ ಟಕ್ ಟಕ್ ಎಂದು ಚಪ್ಪಲಿ ಹಿಮ್ಮಡಿಯ ಸದ್ದು ಮೇಸ್ತ್ರಿಯ ಕಿವಿಗೆ ಬಿತ್ತು, ಅವನೊಬ್ಬನಿಗೇ. ಹದಿನಾಲ್ಕು ಮೆಟ್ಟಿಲು. ಮೊದಲನೆಯದಕ್ಕೇ ಅವನು ಕೂಗಿದ. "ಟೇಪೂ! ಮೇಡಂ ಬಂದು ಕೇಳಿದ್ರೆ ನಾನೇನ್ ಹೇಳ್ಲೋ?"

ಟೇಪುವಿಗೆ ಅಷ್ಟು ಸಾಕಾಯಿತು. ಬಾಗಿಲಿಗೆ ಬೆನ್ನು ಹಾಕಿ, ಮೂಗು ಹಿಡಿದು, ಮೇಡಂ ಆದ. "ಅಲ್ಲಾ, ನನಗೆ ಅರ್ಥವಾಗ್ತಿಲ್ಲ! ಈ ಕಿವುಡು ಕಂಬಕ್ಕೆ ನಾನ್ಯಾಕೆ ಸಂಬಳ ಕೊಡ್ಬೇಕು?" ಮತ್ತೆ ತನ್ನ ದನಿಗೆ ಬಂದ. "ಹೆಂಗೆ? ಆಯಮ್ಮಂಗೆ ಆಫ್‌ಸೆಟ್ಟಿಗೂ ಟೀ ಸೆಟ್ಟಿಗೂ ವ್ಯತ್ಯಾಸ ಗೊತ್ತಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಭಾವನ ಹೆಸರು ಹೊಡ್ಸಿದ್ದೂ ನಾನೇ ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು?"

ಎದುರಿಗಿದ್ದವರ ಮುಖದ ಬಣ್ಣ ಇಳಿಯಿತು. ಬಾಗಿಲಲ್ಲಿ ಮೇಡಂ ನಿಂತಿದ್ದರು. ದನಿ ತೆಗೆದರೆ ತಮ್ಮ ತಲೆಗೇ ಬರುತ್ತದೆಂದು ಒಬ್ಬೊಬ್ಬರೂ ಸದ್ದಿಲ್ಲದೆ ಬಾಯಿ ಆಡಿಸಿದರು. ಹಿಂದೆ ನೋಡೋ, ಹಿಂದೆ! ಬೈಂಡಿಂಗ್ ಅಕ್ಕ ಹುಬ್ಬಿನಲ್ಲೇ ಬಾಗಿಲು ತೋರಿಸಿದಳು.

ಟೇಪು ಹೊಟ್ಟೆ ಹಿಡಿದುಕೊಂಡ. "ಇನ್ನೂ ಶುಕ್ರವಾರದ ಆಟಾನೇ ಆಡ್ತಿದೀರೇನ್ರೋ! ಕಿವುಡನ ಮುಂದೆ ಯಾಕ್ರೋ ಪಿಸುಮಾತು? ಗಂಟಲು ಬಿಟ್ಟು ಹೇಳ್ರೋ!"

"ಅಲ್ಲಾ, ನನಗೆ ಅರ್ಥವಾಗ್ತಿಲ್ಲ," ಎಂದಿತು ಹಿಂದಿನಿಂದ ಒಂದು ಮೂಗಿನ ದನಿ.

"ಭೇಷ್!" ಟೇಪು ಚಪ್ಪಾಳೆ ತಟ್ಟಿದ. "ನನಗಿಂತ ಚೆನ್ನಾಗಿ ಮಾಡ್ದೆ! ಯಾರೋ ಅದು?" ಎಂದು ತಿರುಗಿದ. ತಿರುಗಿದವನ ಚಪ್ಪಾಳೆ ಅರ್ಧದಲ್ಲಿ ನಿಂತಿತು.

ಮೇಡಂ ಅವನ ಕಡೆ ನೋಡಲೂ ಇಲ್ಲ. "ಮೇಸ್ತ್ರೀ, ನಿಮಗೆ ನಿಜವಾಗ್ಲೂ ಕೇಳಿಸಲ್ವಾ?"

ಮೇಸ್ತ್ರಿ ಒಳಜೇಬಿನ ಕಾಗದ ಬಿಡಿಸಿ ಕೊಟ್ಟ. "ನೀವು ಮೊದಲ್ನೇ ಮೆಟ್ಟಿಲು ಹತ್ತಿದ್ದೂ ಕೇಳಿಸ್ತು ಮೇಡಂ. ನಿಮ್ಮ ಎಡಗಾಲಿನ ಚಪ್ಪಲಿ ಹಿಮ್ಮಡಿ ಸಡಿಲ ಆಗಿದೆ. ಮೂರನೇ ಯೂನಿಟ್ಟಿನ ಬೇರಿಂಗೂ ಒಣಗಿದೆ. ಎಣ್ಣೆ ಹಾಕೋ ಅಂದವನು ನಾನು, ಹಾಕ್ದೆ ಇದ್ದವನು ಇವನು. ಎಣ್ಣೆ ಎಲ್ಲಾ ನನ್ನ ಸೊಂಟಕ್ಕೇ ಖರ್ಚಾಯ್ತೇನೋ, ನರ್ಸನ್ನ ಕೇಳ್ಬೇಕು."

ಮೇಡಂ ಬಗ್ಗಿ ಹಿಮ್ಮಡಿ ಅಲ್ಲಾಡಿಸಿ ನೋಡಿದರು. ಅಲ್ಲಾಡಿತು. ನೆಟ್ಟಗಾಗಿ ಟೇಪುವಿನತ್ತ ಬೆರಳು ತೋರಿಸಿ, ಗೋಡೌನಿನ ಬಾಗಿಲತ್ತ ಅದೇ ಬೆರಳು ತಿರುಗಿಸಿದರು. 

"ಭಾವ," ಎಂದ ಟೇಪು. ಆ ದನಿ ಯಾರದ್ದನ್ನೂ ಹೋಲುತ್ತಿರಲಿಲ್ಲ. "ಭಾವ, ಮನೇಲಿರೋ ನಮ್ಮಕ್ಕನ ಮುಖ ನೋಡಿಯಾದ್ರೂ ಒಂದು ಮಾತು ಹೇಳಿ..."

ಮೇಸ್ತ್ರಿ ಅಂಗೈಯನ್ನು ಕಿವಿಗೆ ಹಿಡಿದ. "ಹಾಂ? ಬರೆದು ತೋರ್ಸೋ!"

ಮೊದಲು ಬೈಂಡಿಂಗ್ ಅಕ್ಕ ನಕ್ಕಳು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು, ಅಂಜುತ್ತ ಅಂಜುತ್ತ. ಎಲ್ಲರನ್ನೂ ಮೀರಿ ಮೇಸ್ತ್ರಿ ನಕ್ಕ. ಆ ನಗು ಅವನ ಕಿವಿಯಲ್ಲೇ ತಗಡು ಬಡಿದಂತೆ ಮೊಳಗಿತು. ಚೂರು ತಗ್ಗಿಸೋಣವೆಂದು ಜೇಬಿಗೆ ಕೈ ಹಾಕಿ ಫೋನು ತೆಗೆದ. ಆ್ಯಪ್ ತೆರೆಯಲಿಲ್ಲ. ಹಾಗಾಗಿ ಪೂರ್ತಿ ಜೋರಿನಲ್ಲೇ ನಗುತ್ತ ಹೋದ.