ಎರಡು ದಿನದ ಗಂಜಿ

ಶಿವರಾಯ ಕೆಮ್ಮಿದ. ಬೇಲಾಪುರದಲ್ಲಿ ಲೋಕಲ್ ಹತ್ತಿದಾಗಿನಿಂದ ಗಂಟಲಲ್ಲೇ ಅದುಮಿಟ್ಟುಕೊಂಡಿದ್ದ ಕೆಮ್ಮು ಸೀವುಡ್ಸ್ ದಾಟುವಷ್ಟರಲ್ಲಿ ಕೈಮೀರಿ ಹೊರಬಿತ್ತು. ಎದುರು ಸೀಟಿನ ಇಬ್ಬರು ಮುಖ ಮುಖ ನೋಡಿಕೊಂಡು ಎದ್ದು ಬಾಗಿಲ ಬಳಿ ಹೋದರು. ಕಿಟಕಿಯ ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾವನ್ನು ಮೂಗಿನ ತನಕ ಎಳೆದುಕೊಂಡಳು.

"ಏನಿಲ್ರೀ, ನೆಗಡಿ ಅದ," ಎಂದ ಶಿವರಾಯ, ಯಾರಿಗೆಂದಿಲ್ಲದೆ.

ಗುಣಪಾಲ ಮಾತ್ರ ಅವನ ಪಕ್ಕದಲ್ಲೇ, ತೊಡೆಗೆ ತೊಡೆ ತಾಗಿಸಿ ಕುಳಿತಿದ್ದ. ಹದಿನೈದು ವರ್ಷಗಳಿಂದ ಹಾಗೆಯೇ ಕುಳಿತಿದ್ದ. ಇಬ್ಬರದೂ ಬೇಲಾಪುರದ ಒಂದೇ ಸರ್ಕಾರಿ ಕಚೇರಿ. ಅಲ್ಲಿ ಶಿವರಾಯ ನಕ್ಷೆ ಬರೆಯುತ್ತಿದ್ದ, ಗುಣಪಾಲ ಆ ನಕ್ಷೆಗಳಿಗೆ ನಂಬರು ಹಾಕಿ ಕಪಾಟಿನಲ್ಲಿಡುತ್ತಿದ್ದ. ಸಂಜೆಯ ಗಾಡಿಯಲ್ಲಿ ಶಿವರಾಯ ನೆರೂಲಿನಲ್ಲಿ ಇಳಿದರೆ ಗುಣಪಾಲ ಇನ್ನೆರಡು ಸ್ಟೇಶನ್ ಮುಂದಕ್ಕೆ, ಸಾನಪಾಡಾದಲ್ಲಿ. ಈಗ ಎದ್ದು ಹೋದರೆ ಸ್ನೇಹಿತ ಏನೆಂದುಕೊಂಡಾನು ಎಂಬ ಒಂದೇ ಸಂಕೋಚಕ್ಕೆ ಅವನು ಕದಲಲಿಲ್ಲ. ಆದರೆ ಉಸಿರಾಡಲೂ ಇಲ್ಲ. ನೆರೂಲಿನಲ್ಲಿ ಶಿವರಾಯ ಇಳಿದು, ಎಂದಿನಂತೆ ಕಿಟಕಿಯ ಸರಳಿಗೆ ಒಂದು ಪೆಟ್ಟು ಕೊಟ್ಟು ಹೋದ ಮೇಲೆ ಗುಣಪಾಲ ಬಾಗಿಲಿಗೆ ಓಡಿ, ತಲೆ ಹೊರಗೆ ಹಾಕಿ, ಮಳೆಯ ಗಾಳಿಯನ್ನು ಗಬಗಬನೆ ನುಂಗಿದ.

ಅದು ಎರಡು ಸಾವಿರದ ಒಂಬತ್ತರ ಆಗಸ್ಟ್. ಪುಣೆಯಲ್ಲಿ ಶುರುವಾದ ಹಂದಿಜ್ವರದ ಸಾವುಗಳು ಘಾಟಿ ಇಳಿದು ಮುಂಬಯಿಗೂ ಬಂದಿದ್ದವು. ಶಾಲೆ, ಸಿನಿಮಾ ಎಲ್ಲ ಒಂದು ವಾರ ಬಂದ್. ಔಷಧದ ಅಂಗಡಿಗಳಲ್ಲಿ ಮಾಸ್ಕು ಇಲ್ಲ. ಟೀವಿಯವರು ಸತ್ತವರ ಲೆಕ್ಕವನ್ನು ಕ್ರಿಕೆಟ್ ಸ್ಕೋರಿನ ಹಾಗೆ ಪರದೆಯ ಮೂಲೆಯಲ್ಲಿ ಕೂರಿಸಿದ್ದರು.

ಮನೆಗೆ ಬಂದ ಗುಣಪಾಲ ಚಪ್ಪಲಿ ಕಳಚುವ ಮೊದಲೇ ಬಚ್ಚಲಿಗೆ ನುಗ್ಗಿದ. ಸ್ನಾನ ಮಾಡಿ ಬಂದು ಥರ್ಮಾಮೀಟರ್ ಬಾಯಿಗಿಟ್ಟುಕೊಂಡ. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಅರ್ಧ ಗಂಟೆ ಬಿಟ್ಟು ಮತ್ತೆ ಇಟ್ಟ.

"ಪಪ್ಪಾ, ಔರ್ ಕಿತನೀ ಬಾರ್?" ಎಂದು ನಕ್ಕಳು ಮಗಳು ಅಶ್ಮಿತಾ. ಕಾಲೇಜಿಗೆ ರಜೆ ಕೊಟ್ಟಿದ್ದರಿಂದ ಅವಳಿಗೆ ಖುಷಿಯೇ ಆಗಿತ್ತು.

ಹೆಂಡತಿ ಉಮಾವತಿ ನಗಲಿಲ್ಲ. ಈ ಗಾಜಿನ ಕೊಳವೆ ಮನೆಗೆ ಬಂದದ್ದು ಯಾವಾಗ ಎಂದು ಅವಳಿಗೆ ಗೊತ್ತಿತ್ತು. ಥಾಣೆಯ ವರ್ತಕ ನಗರದಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ ಗುಣಪಾಲನ ಅಣ್ಣ ಕಿಟ್ಟಣ್ಣ ಹದಿಮೂರು ವರ್ಷಗಳ ಹಿಂದೆ ಒಂದು ಸೋಮವಾರ "ಸ್ವಲ್ಪ ಮೈ ಬಿಸಿ ಉಂಟು" ಎಂದಿದ್ದ. ಬುಧವಾರ, "ಎದೆ ಮೇಲೆ ಯಾರೋ ಕೂತ ಹಾಗೆ ಆಗ್ತದೆ" ಎಂದ. ಗುರುವಾರ ಅವನನ್ನು ಎತ್ತಿಕೊಂಡು ಮೂರು ಮಹಡಿ ಇಳಿದವನು ಗುಣಪಾಲ. ಎರಡನೆಯ ಮಹಡಿಯ ತಿರುವಿನಲ್ಲಿ ತನ್ನ ಹೆಗಲ ಮೇಲಿನ ತಲೆ ಭಾರವಾದದ್ದು ಅವನಿಗೆ ಗೊತ್ತಾಗಿತ್ತು. ಆದರೂ ಕೆಳಗಿನವರೆಗೆ ಅಣ್ಣನೊಡನೆ ಮಾತಾಡುತ್ತಲೇ ಇಳಿದಿದ್ದ.

ಭಾನುವಾರ ಬೆಳಿಗ್ಗೆ ಶಿವರಾಯನ ಫೋನು ಬಂತು. ನಿನ್ನೆ ಜ್ವರ ಏರಿ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದನಂತೆ. ಗಂಟಲಿಗೆ ಕಡ್ಡಿ ಹಾಕಿ ಏನೋ ತೆಗೆದು ಪುಣೆಗೆ ಕಳಿಸಿದ್ದಾರೆ, ಗುಳಿಗೆ ಕೊಟ್ಟು, ಏಳು ದಿನ ಮನೆಯಿಂದ ಹೊರಗೆ ಕಾಲಿಡಬೇಡ ಎಂದಿದ್ದಾರೆ. ಅವನ ಹೆಂಡತಿ ಸಂಗವ್ವ ಮಗಳ ಹೆರಿಗೆಗೆಂದು ವಿಜಾಪುರಕ್ಕೆ ಹೋಗಿ ತಿಂಗಳಾಗಿತ್ತು.

"ಆಕೀಗೆ ಹೇಳಬ್ಯಾಡ. ಕೂಸು ಹುಟ್ಟಿ ಎಂಟ ದಿನ ಆಗೇದ, ಓಡಿ ಬಂದಗಿಂದಾಳು," ಎಂದ ಶಿವರಾಯ. ಆಮೇಲೆ ಸ್ವಲ್ಪ ತಡೆದು, "ಊಟದ ಡಬ್ಬಿ ಕೊಡೋ ಬಾಯಿ ನಿನ್ನೆಯಿಂದ ಬರವಲ್ಲಳು. ಸೊಸೈಟಿಯವರು ಹೆದರಿಸ್ಯಾರ ಅಂತ ಕಾಣತದ. ಅಕ್ಕಾವರಿಗೆ ತ್ರಾಸ ಆಗಲಿಲ್ಲಂದ್ರ, ಒಂದೀಟು ಗಂಜಿ..."

ಫೋನಿನ ಸದ್ದು ಹೊರಗೂ ಕೇಳುತ್ತಿತ್ತು. ಗುಣಪಾಲ ಉತ್ತರಿಸುವ ಮೊದಲೇ ಉಮಾವತಿ ಕುಚ್ಚಲಕ್ಕಿ ತೊಳೆಯಲು ಎದ್ದಿದ್ದಳು.

ಅಂದು ಮಧ್ಯಾಹ್ನ ಮಾಸ್ಕಿನ ಮೇಲೆ ಕರವಸ್ತ್ರ ಕಟ್ಟಿಕೊಂಡು, ಕಿಸೆಯಲ್ಲಿ ಕರ್ಪೂರದ ಪೊಟ್ಟಣ ಇಟ್ಟುಕೊಂಡು ಗುಣಪಾಲ ನೆರೂಲಿಗೆ ಹೋದ. ಮೂರನೆಯ ಮಹಡಿಯ ಬಾಗಿಲ ಹಿಡಿಕೆಗೆ ಡಬ್ಬಿ ಸಿಕ್ಕಿಸಿ, ಗಂಟೆ ಒತ್ತಿ, ಅರ್ಧ ಮಹಡಿ ಕೆಳಗಿಳಿದು ನಿಂತ. ಬಾಗಿಲು ತೆರೆದ ಸದ್ದು, ಗಂಜಿಯನ್ನು ಪಾತ್ರೆಗೆ ಸುರಿದುಕೊಂಡ ಸದ್ದು, ಬರಿದಾದ ಡಬ್ಬಿ ಮತ್ತೆ ಹಿಡಿಕೆಗೆ ಬಿದ್ದ ಸದ್ದು. ಮೇಲಿನಿಂದ ಶಿವರಾಯ, ಕೆಳಗಿನಿಂದ ಗುಣಪಾಲ ನಾಲ್ಕು ಮಾತಾಡಿದರು. ಕಚೇರಿಯ ಮಾತು, ಮೊಮ್ಮಗನ ಮಾತು. ಮುಖ ಕಾಣದ ಮಾತು ಆ ಮೆಟ್ಟಿಲುಗಳ ನಡುವೆ ಯಾರದೋ ಮಾತಿನ ಹಾಗೆ ಕೇಳುತ್ತಿತ್ತು.

ಸೋಮವಾರ ಕಚೇರಿಯಿಂದ ಸಾಹೇಬರ ಫೋನು ಬಂತು: ಶಿವರಾಯನ ಪಕ್ಕ ಕೂರುವವನು ನೀನು, ಒಂದು ವಾರ ನೀನೂ ಬರಬೇಡ. ಗುಣಪಾಲನಿಗೆ ತನ್ನ ಹೆಸರು ಟೀವಿಯ ಮೂಲೆಯಲ್ಲಿ ಬಿದ್ದಷ್ಟು ದಿಗಿಲಾಯಿತು. ಅಂದಿನಿಂದ ಹಾಲ್‌ನಲ್ಲಿ ಬೇರೆ ಮಲಗಿದ. ತಾನು ಕುಡಿದ ಲೋಟವನ್ನು ತಾನೇ ತೊಳೆದ. ಆದರೂ ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಹೋದ.

ಮಂಗಳವಾರ ಅವನು ಗಂಟೆ ಒತ್ತಿ ಇಳಿದು ನಿಂತರೆ, ಶಿವರಾಯ ಡಬ್ಬಿ ತೆಗೆಯದೆ ಹೊರಗೆ ಬಂದ. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡಿದ್ದ. ಮೇಲಿನ ಮೆಟ್ಟಿಲ ಮೇಲೆ ಮೆಲ್ಲನೆ ಕುಳಿತ. ಮೂರೇ ದಿನದಲ್ಲಿ ಅವನ ಕಣ್ಣಿನ ಸುತ್ತ ಮಸಿ ಬಳಿದ ಹಾಗಾಗಿತ್ತು.

"ಸ್ವಲ್ಪ ಕೂಡೋ ಗುಣಪಾಲ. ಅಲ್ಲೇ ದೂರ ಕೂಡು. ಮನಷಾರ ಮಾರಿ ನೋಡಿ ಎಷ್ಟ ದಿನ ಆತು."

"ಗಾಡಿ ಉಂಟು ಮಾರಾಯ..."

"ಹೋಗೂವಂತಿ ತಗೋ." ಶಿವರಾಯ ನಡುವೆ ನಿಲ್ಲಿಸಿ ಉಸಿರು ಎಳೆದುಕೊಂಡ. "ಮಲಗಿದ್ರ ಎದಿ ಮ್ಯಾಲೆ ಯಾರೋ ಕುಂತಂಗ ಆಗತದ ನೋಡು."

ಗುಣಪಾಲನ ಕೈ ಮೆಟ್ಟಿಲ ಕಂಬಿಯನ್ನು ಹಿಡಿಯಿತು. ಆಸ್ಪತ್ರೆಗೆ ಹೋಗು ಎನ್ನಬೇಕಿತ್ತು. ನಾನೇ ಕರೆದುಕೊಂಡು ಹೋಗುತ್ತೇನೆ ಎನ್ನಬೇಕಿತ್ತು. ನಾಲಗೆಯ ತುದಿಗೆ ಬಂದ ಮಾತೇ ಬೇರೆ.

"ನಾಳೆ ಬರ್ತೇನೆ," ಎಂದ. ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ. ತನ್ನ ಹೆಗಲು ಭಾರವಾಗಿದೆ ಎಂದು ಗೇಟು ದಾಟಿದ ಮೇಲೂ ಅನ್ನಿಸುತ್ತಿತ್ತು.

ಬುಧವಾರ ಬೆಳಿಗ್ಗೆ ಪಾದರಸ ತೊಂಬತ್ತೊಂಬತ್ತನ್ನು ಮುಟ್ಟಿತ್ತು. ಅಥವಾ ಅವನಿಗೆ ಹಾಗೆ ಕಂಡಿತು. ಕಿಟಕಿಗೆ ಹಿಡಿದು, ಕನ್ನಡಕ ಒರೆಸಿ ನೋಡಿದರೆ ಒಂದು ಗೆರೆ ಕೆಳಗೆ. ಮನೆಯಲ್ಲಿ ಹೇಳಲಿಲ್ಲ. ಉಮಾವತಿ ಹುರುಳಿ ಚಟ್ನಿ ಅರೆದು, ಗಂಜಿಗೆ ತುಪ್ಪ ಹಾಕಿ ಡಬ್ಬಿ ಮುಚ್ಚಿ ಕೊಟ್ಟಳು. ಸಾನಪಾಡಾದಲ್ಲಿ ಗಾಡಿ ಹತ್ತಿದ. ಜುಯಿನಗರ ಬಂತು. ಮುಂದಿನದು ನೆರೂಲು. ಅವನು ಇಳಿದುಬಿಟ್ಟ.

ಜುಯಿನಗರದ ಆ ದೊಡ್ಡ ಪ್ಲಾಟ್‌ಫಾರ್ಮಿನಲ್ಲಿ ಮಧ್ಯಾಹ್ನ ನಾಲ್ಕು ಜನವೂ ಇರಲಿಲ್ಲ. ಕಲ್ಲು ಬೆಂಚಿನ ತುದಿಯಲ್ಲಿ ಕುಳಿತ. ಮುಂದಿನ ಗಾಡಿಗೆ ಹೋಗುತ್ತೇನೆ ಎಂದುಕೊಂಡ. ಮುಂದಿನದು ಬಂತು, ಹೋಯಿತು. ಒಂದೂವರೆಗೆ ಫೋನು ಮೊಳಗಿತು. ಚಿಕ್ಕ ಪರದೆಯಲ್ಲಿ ಶಿವರಾಯನ ಹೆಸರು. ಗುಣಪಾಲ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ನೋಡಿದ. ನಿಂತಿತು. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಮೊಳಗಿ ನಿಂತಿತು. ಆಮೇಲೆ ಬರಲಿಲ್ಲ.

ತುಂಬಿದ ಡಬ್ಬಿಯನ್ನು ಮನೆಗೆ ಒಯ್ಯುವಂತಿಲ್ಲ. ಅನ್ನವನ್ನು ಹಳಿಗೆ ಚೆಲ್ಲಲು ಕೈ ಬರಲಿಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿ, ಮುಚ್ಚಳ ತೆಗೆದು, ಕಾಯಿಲೆಯವನ ಗಂಜಿಯನ್ನು ಅವನು ಉಂಡ. ಇನ್ನೂ ಬೆಚ್ಚಗಿತ್ತು. ಚಟ್ನಿಯನ್ನೂ ಬಿಡಲಿಲ್ಲ.

"ಎಂತ ಹೇಳಿದ ಶಿವರಾಯಣ್ಣ?" ಎಂದು ಕೇಳಿದಳು ಉಮಾವತಿ, ಡಬ್ಬಿಗೆ ಬಿಸಿನೀರು ಸುರಿಯುತ್ತ.

"ಚಟ್ನಿ ಭಾರಿ ಒಳ್ಳೆದುಂಟು ಅಂದ."

"ಹೌದಾ? ಉಸಿರಿಗೆ ಕಷ್ಟ ಅಂದ ಅಂತ ನಿನ್ನೆ ನೀವೇ ಹೇಳಿದಿರಲ್ಲ?"

"ಈಗ ಪರವಾಗಿಲ್ಲ ಅಂತೆ."

ಅಷ್ಟು ಸಲೀಸಾಗಿ ಮಾತು ಹೊರಟದ್ದಕ್ಕೆ ಅವನಿಗೇ ಬೆರಗಾಯಿತು. ಹೇಳಿದ ಮೇಲೆ ಶಿವರಾಯ ಹಾಗೆ ಅಂದದ್ದು ಕಿವಿಯಲ್ಲಿ ಕೇಳಿಸಿತು ಕೂಡ. ಉಮಾವತಿಗೆ ಸಮಾಧಾನವಾಗಿ, ಮರುದಿನವೂ ಹುರುಳಿ ಚಟ್ನಿಯನ್ನೇ ಮಾಡಿದಳು. ಗುರುವಾರವೂ ಜುಯಿನಗರ. ಅದೇ ಬೆಂಚು. ಅಂದು ಫೋನು ಮೊಳಗಲಿಲ್ಲ. ಮೊಳಗದ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಉಂಡ ಆ ಗಂಜಿ ಗಂಟಲಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು.

ಶುಕ್ರವಾರ ಬೆಳಿಗ್ಗೆ ಸಾಹೇಬರೇ ತಿಳಿಸಿದರು. ಹಿಂದಿನ ಸಂಜೆ ಶಿವರಾಯನ ಮನೆಯಲ್ಲಿ ಏನೋ ಬಿದ್ದ ಸದ್ದಾಗಿ, ಕೆಳಗಿನ ಮನೆಯ ಜಯಲತಾ ಎಂಬ ಹೆಂಗಸು ವಾಚ್‌ಮನ್‌ನಿಂದ ಬಾಗಿಲು ಒಡೆಸಿದಳಂತೆ. ಅವನು ಅಡಿಗೆಮನೆಯ ನೆಲದ ಮೇಲೆ ಬಿದ್ದಿದ್ದ. ಕಾಯಿಲೆ ಎರಡೂ ಶ್ವಾಸಕೋಶಕ್ಕೆ ಇಳಿದಿದೆ, ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ಹಾಕಿದ್ದಾರೆ.

"ನಿನ್ನೆ ಮಧ್ಯಾಹ್ನ ಸರಿ ಇದ್ದನಲ್ಲ!" ಎಂದು ಉಮಾವತಿ ಗೋಡೆ ಹಿಡಿದು ಕುಳಿತಳು. ಗಂಡನ ಮುಖ ನೋಡಿ, "ದಾದ ಆಂಡ್, ಎಂತ ಆಯ್ತು? ನಿಮಗೆ ಜ್ವರ ಬಂತಾ?" ಎಂದು ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು.

ಶಿವರಾಯ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದ. ಸಂಗವ್ವ ಬಾಣಂತಿಯನ್ನು ಬಿಟ್ಟು ಓಡಿ ಬಂದಳು. ವಾರ್ಡಿನೊಳಗೆ ಯಾರನ್ನೂ ಬಿಡುವುದಿಲ್ಲ ಎಂದಾಗ ಗುಣಪಾಲನಿಗೆ ಅವನ ಮುಖ ನೋಡಬೇಕಿಲ್ಲ, ಸದ್ಯ ಬದುಕಿದೆ ಎನ್ನಿಸಿತು, ಮರುಕ್ಷಣವೇ ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಥರ್ಮಾಮೀಟರ್ ಈಗ ಅವನಿಗೆ ಬೇಕಾಗಲಿಲ್ಲ. ಫೋನಿನಲ್ಲಿ ಆ ಎರಡು ಕರೆಗಳ ಗುರುತು ಹಾಗೇ ಇತ್ತು, ಅಳಿಸಲು ಬೆರಳು ಏಳಲಿಲ್ಲ. ಕಚೇರಿಗೆ ಹೋಗುವಾಗ ಜುಯಿನಗರ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮುಚ್ಚಿದ ಕಣ್ಣಿನೊಳಗೆ ಯಾರೋ ಮೇಲಿನ ಮೆಟ್ಟಿಲ ಮೇಲೆ ಕುಳಿತು, ಸ್ವಲ್ಪ ಕೂಡೋ ಎನ್ನುತ್ತಿದ್ದರು. ಕೆಲವೊಮ್ಮೆ ಅದು ಶಿವರಾಯ, ಕೆಲವೊಮ್ಮೆ ಕಿಟ್ಟಣ್ಣ.

ನವರಾತ್ರಿಯ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಸಾನಪಾಡಾದ ಮನೆಗೆ ಬಂದರು. ಶಿವರಾಯನ ಅಂಗಿ ಅವನ ಮೈಮೇಲೆ ಬೇರೆ ಯಾರದೋ ಹಾಗೆ ಜೋಲುತ್ತಿತ್ತು. ಸಂಗವ್ವ ಬಾಗಿಲಲ್ಲೇ ಉಮಾವತಿಯ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಅನ್ನದ ಋಣ ಹೆಂಗ ತೀರಸಲ್ರೀ? ಅಂಥಾ ದಿನದಾಗ ಯಾರ ಬರತಾರ?"

"ಎಂತ ಋಣ? ಐದು ದಿನ ಒಂದು ಹಿಡಿ ಅಕ್ಕಿ ಬೇಯಿಸಿದ್ದಕ್ಕೆ?" ಎಂದಳು ಉಮಾವತಿ. ಶಿವರಾಯನ ಕಡೆ ತಿರುಗಿ, "ಕೊನೆಯ ಎರಡು ದಿನ ಹುರುಳಿ ಚಟ್ನಿ ನಿಮಗೆ ಹಿಡಿಸಿತು ಅಂತ ಇವರು ಹೇಳಿದರು. ಇವತ್ತೂ ಮಾಡಿದ್ದೇನೆ."

ಗುಣಪಾಲ ನೆಲದ ಟೈಲ್ಸಿನ ಒಂದು ಬಿರುಕನ್ನು ನೋಡುತ್ತ ಕುಳಿತ. ಶಿವರಾಯ ಅವನತ್ತ ತಿರುಗಲಿಲ್ಲ.

"ಹೌದ್ರೀ ಅಕ್ಕಾ," ಎಂದ ಕಡೆಗೆ. "ಹುಳ್ಳಿ ಚಟ್ನಿ. ಛಲೋ ಆಗಿತ್ತು."

ಊಟಕ್ಕೆ ಬಡಿಸಿದಾಗ ಅದನ್ನು ಎರಡು ಸಲ ಹಾಕಿಸಿಕೊಂಡ.

ಹೊರಡುವಾಗ ಬಿಸಿಲು ಇಳಿದಿತ್ತು. ಉಮಾವತಿ ಮತ್ತು ಸಂಗವ್ವ ಮಾತಾಡುತ್ತ ಮುಂದೆ ನಡೆದರು. ಹಿಂದೆ ಇಬ್ಬರೂ ಗಂಡಸರು. ಶಿವರಾಯ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ, ಅವನು ನಿಂತಾಗಲೆಲ್ಲ ಗುಣಪಾಲನೂ ನಿಲ್ಲುತ್ತಿದ್ದ. ಮೈದಾನದಲ್ಲಿ ಗರ್ಬಾ ಕುಣಿತಕ್ಕೆಂದು ಬಿದಿರು ಕಟ್ಟುತ್ತಿದ್ದರು.

"ಶಿವರಾಯ, ಆ ಎರಡು ದಿನ..."

"ಜ್ವರ ಬಂದಿತ್ತೇನು ನಿನಗ?"

ಹೌದು ಎಂದರೆ ಮುಗಿಯುತ್ತಿತ್ತು. ಆ ಒಂದು ಶಬ್ದವನ್ನು ಸ್ನೇಹಿತ ತನ್ನ ಕೈಗೇ ಎತ್ತಿ ಕೊಟ್ಟಿದ್ದಾನೆ ಎಂದು ಗುಣಪಾಲನಿಗೆ ತಿಳಿಯಿತು.

"ಇಲ್ಲ," ಎಂದ.

ಶಿವರಾಯ ತಲೆಯಾಡಿಸಿದ. ಇಬ್ಬರೂ ಸ್ಟೇಶನ್ನಿನ ಸುರಂಗ ದಾರಿಗೆ ಇಳಿದರು. ಹೆಂಗಸರು ಮೇಲೆ ಪ್ಲಾಟ್‌ಫಾರ್ಮಿಗೆ ಹತ್ತಿ ಹೋಗಿದ್ದರು. ನಾಲ್ಕು ಮೆಟ್ಟಿಲು ಏರಿ ಶಿವರಾಯ ಕಂಬಿ ಹಿಡಿದು ನಿಂತ.

"ಮತ್ತ ಏನೇನ ಅಂದಿದ್ನೋ ನಾ, ಆ ಎರಡು ದಿನ?"

"ಚಟ್ನಿ ಒಳ್ಳೆದುಂಟು ಅಂದೆ."

"ಮತ್ತ?"

"ಉಸಿರು... ಈಗ ಪರವಾಗಿಲ್ಲ ಅಂದೆ."

"ಹಂಗ ಅಂದ್ನೇನು," ಎಂದ ಶಿವರಾಯ, ಯಾರೋ ಮೂರನೆಯವನ ಸಂಗತಿ ಕೇಳಿದವನಂತೆ. ಅವನ ಎದೆ ಅಂಗಿಯೊಳಗೆ ಏಳುತ್ತ ಬೀಳುತ್ತ ಇತ್ತು. ಗುಣಪಾಲ ಒಂದು ಮೆಟ್ಟಿಲು ಕೆಳಗೆ ನಿಂತಿದ್ದ. ಕೈ ಚಾಚಿದರೆ ಅವನ ಬೆನ್ನು ಸಿಗುವಷ್ಟು ಹತ್ತಿರ. ತಲೆಯ ಮೇಲೆ ಬೇಲಾಪುರದ ಗಾಡಿ ಬಂದು ನಿಂತ ಅದುರು ಗೋಡೆಯಲ್ಲಿ ಕೇಳಿಸಿತು. ಮೇಲಿನಿಂದ ಸಂಗವ್ವ ಕೂಗಿದಳು. ಇಬ್ಬರೂ ಮೇಲಕ್ಕೆ ನೋಡಿದರು, ಇಬ್ಬರೂ ಕದಲಲಿಲ್ಲ. ಗಾಡಿ ಹೋಯಿತು. ಅದರಿಂದ ಇಳಿದ ಜನ ಎರಡು ಸಾಲಾಗಿ ಒಡೆದು, ಅವರ ಎರಡೂ ಬದಿಯಿಂದ ಇಳಿದು ಹೋಗತೊಡಗಿದರು.