ಮಡಚದ ಮೊಣಕಾಲು

ಬಲಗಾಲು ಮತ್ತೆ ಎದ್ದಿತು. ವೈಜನಾಥ ತೀರಿಹೋದ ತನ್ನ ಅಣ್ಣನ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಮಡಚಿದ. ಕೈ ತೆಗೆದದ್ದೇ ತಡ, ಮತ್ತೆ ಮೊದಲಿನ ಹಾಗೆ.

“ಮೈ ಬಿಗಿಯೂದರೊಳಗ ಕೂಡಸ್ರಿ,” ಎಂದರು ಕ್ರಿಯೆ ಮಾಡಿಸಲು ಬಂದ ಅಯ್ಯನವರು. ಲಿಂಗವಂತರು ಮಣ್ಣಿಗೆ ಹೋಗುವುದೂ ಚಕ್ಕಳಮಕ್ಕಳ ಹಾಕಿ ಕೂತೇ. ಲಿಂಗಂಪಲ್ಲಿಯ ಆ ಎರಡು ಕೋಣೆಯ ಮನೆಯಲ್ಲಿ ಅಣ್ಣ ಶಿವಶರಣಪ್ಪನನ್ನು ಗೋಡೆಗೆ ಆನಿಸಿದ್ದರು.

“ಮಿಲಿಟರಿ ಕಾಲ್ರಿ. ಸತ್ತರೂ ಅಟೆನ್ಶನ್ ಬಿಡವಲ್ದು,” ಎಂದ ಪಕ್ಕದ ಮನೆಯ ಗುರುರಾಜ.

“ದಿನಾ ತಾಸಗಟ್ಟಲೆ ಪೂಜಿಗೆ ಕೂಡ್ತಿದ್ರಂತಲ್ಲ? ಮತ್ತ ಇಷ್ಟ್ಯಾಕ ಬಿರುಸು?” ಅಯ್ಯನವರು ಕೇಳಿದರು.

ಆ ಮಾತನ್ನು ನೆಂಟರಿಷ್ಟರಲ್ಲೆಲ್ಲ ಹಬ್ಬಿಸಿದವನು ವೈಜನಾಥನೇ. ಅವನು ತಲೆ ಎತ್ತಲಿಲ್ಲ.

*

ಗುಡ್ಡದ ರಸ್ತೆಯಲ್ಲಿ ಸೈನ್ಯದ ಲಾರಿ ಉರುಳಿ, ಬೆನ್ನಿನ ನರ ಜಜ್ಜಿ, ಬಲಗಾಲು ಬಿರುಸಾಗಿ ಮನೆಗೆ ಬಂದ ಅಣ್ಣನಿಗೆ ನೂರಕ್ಕೆ ಮೂವತ್ತು ಅಂಗವಿಕಲತೆ ಬರೆದುಕೊಟ್ಟಿದ್ದರು. ಕೆಲ ವರ್ಷದ ಮೇಲೆ ವೈದ್ಯರ ಬೋರ್ಡು ಮತ್ತೆ ಕರೆಸಿತು. ಒಳಗೆ ಅಣ್ಣ ಅಂಗಿ ತೊಡುತ್ತಿದ್ದಾಗ, ಹೊರಗೆ ಡಾಕ್ಟರು ವೈಜನಾಥನನ್ನು ಸುಮ್ಮನೆ ಕೇಳಿದರು: ಮನೆಯಲ್ಲಿ ನೆಲದ ಮೇಲೆ ಕೂಡುತ್ತಾರಾ?

ನಿಂತು ಲಿಂಗಪೂಜೆ ಮಾಡುವ ಮನೆತನ ಅನ್ನಿಸಿಕೊಳ್ಳುವುದೇ? ಬಂದಷ್ಟು ಹಿಂದಿಯಲ್ಲಿ ಹೇಳಿಯೇಬಿಟ್ಟ: ಒಂದು ದಿನವೂ ತಪ್ಪಿಲ್ಲ ಸಾಹೇಬರೇ, ಪೂಜೆಗೆ ತಾಸುಗಟ್ಟಲೆ ಕೂಡುತ್ತಾನೆ.

ಡಾಕ್ಟರು ಬರೆದುಕೊಂಡರು. ಮೂವತ್ತು ಹತ್ತಕ್ಕೆ ಇಳಿಯಿತು. ಇಪ್ಪತ್ತರ ಕೆಳಗಿನವರಿಗೆ ಅಂಗವಿಕಲ ಪಿಂಚಣಿ ಇಲ್ಲ; ಬರುತ್ತಿದ್ದದ್ದೂ ನಿಂತಿತು. ಅಣ್ಣ ಅಬಿಡ್ಸ್ ಪೇಟೆಯ ಬಟ್ಟೆ ಅಂಗಡಿಯ ಬಾಗಿಲಲ್ಲಿ ಕಾವಲಿಗೆ ನಿಂತ, ಹನ್ನೆರಡು ವರ್ಷ.

“ನಂದs ತಪ್ಪು,” ಎನ್ನುತ್ತಿದ್ದ. “ಬೋರ್ಡಿನವರ ಮುಂದ ಭಾಳ ಸೆಟದು ನಿಂತೆ.”

ವೈಜನಾಥ ಹೂಂ ಎನ್ನುತ್ತಿದ್ದ.

*

“ಹೆಂಗ ಕೂಡ್ತಿದ್ರು ಹೇಳಪಾ,” ಎಂದರು ಅಯ್ಯನವರು. “ಹಂಗs ಕೂಡಸೂಣು.”

ಅಣ್ಣನ ಹೆಂಡತಿ ಶರಣಬಸಮ್ಮ ಸೆರಗು ಬಾಯಿಗೊತ್ತಿಕೊಂಡು ಮೈದುನನನ್ನೇ ನೋಡುತ್ತಿದ್ದಳು.

“ಕೂಡ್ತಿದ್ದಿಲ್ರಿ,” ಎಂದ ವೈಜನಾಥ. “ನಿಂತs ಪೂಜಿ ಮಾಡ್ತಿದ್ದ.” ಆಮೇಲೆ ಅವಳ ಕಡೆ ತಿರುಗಿದ. “ವೈನಿ, ಕೂಡ್ತಾನ ಅಂತ ಬೋರ್ಡಿನವರಿಗೆ ಹೇಳಿದಾಂವ ನಾನು.”

ಗುರುರಾಜ ಕೆಮ್ಮಿ ಅಂಗಳಕ್ಕೆ ಎದ್ದುಹೋದ.

ಶರಣಬಸಮ್ಮ ಒಳಗೆ ಹೋಗಿ, ಗಂಡ ದಿನಾ ಬೆನ್ನಿನ ಆಸರೆಗೆ ಅಂಗಿಯೊಳಗೆ ಸೊಂಟಕ್ಕೆ ಬಿಗಿಯುತ್ತಿದ್ದ ಅಗಲ ಪಟ್ಟಿ ತಂದು ಮೈದುನನ ಮುಂದಿಟ್ಟಳು.

“ಇದರಲೆ ಕಟ್ಟು,” ಎಂದಳು.

ಪಟ್ಟಿಯ ಒಳಮೈಯಲ್ಲಿ ಬೆವರಿನ ಉಪ್ಪು ಗೆರೆಗೆರೆಯಾಗಿ ಬೆಳ್ಳಗಾಗಿತ್ತು. ವೈಜನಾಥ ಅದನ್ನು ಮಡಚಿದ ಕಾಲಿಗೆ ಸುತ್ತಿ ಬಿಗಿದ. ಈ ಸಲ ಕಾಲು ಏಳಲಿಲ್ಲ. ಆದರೂ ಅವನು ಮೊಣಕಾಲಿನ ಮೇಲಿಂದ ಕೈ ತೆಗೆಯಲಿಲ್ಲ.